ಹಪ್ಪಳ ಒಣಗುವ ಮನೆ

ಅಗೋ ಬಿತ್ತು, ಸಾಸಿವೆಗಿಂತ ಸಣ್ಣದು, ಕರ್ರಗೆ, ಈಗಷ್ಟೇ ಹಿಂಡಿ ಚಪ್ಪಡಿಯ ಮೇಲೆ ಹರವಿದ ಬಿಳಿ ಪಂಚೆಯ ನಟ್ಟನಡುವೆ, ಇನ್ನೊಂದು, ಇನ್ನೂ ಒಂದು, ಬೆರಳಲ್ಲಿ ತೆಗೆಯಲು ಹೋದರೆ ಗೆರೆಯಾಗಿ ಹರಡುತ್ತದೆ, ಹಾಳು ಮಸಿ, ಬಾಡಿಗೆಗೆ ನೋಡಲು ಬಂದ ಮನೆ ಮಾತ್ರ ಎಷ್ಟು ಚೆನ್ನಾಗಿದೆ — ಒಳಗೆ ಕೆಂಪು ಗಾರೆ ನೆಲ, ಅಡುಗೆಮನೆಗೆ ಕಿಟಕಿ, ಬಾವಿ ಹಿತ್ತಲಲ್ಲೇ, ಹಿತ್ತಲ ತುಂಬ ಕಲ್ಲುಹಾಸು, ಮುನ್ನೂರು ಹಪ್ಪಳ ಒಟ್ಟಿಗೆ ಹರವಬಹುದು, ಹರವಿ ಏನು ಮಾಡಲಿ, ಪಡುವಲಿಗೆ ಕಾರ್ಖಾನೆಯ ಚಿಮಣಿ ನಿಂತು ನೆಟ್ಟಗೆ ಇತ್ತಲೇ ಉಗುಳುತ್ತಿದೆ. ಸಾಕಲ್ವಾ ಮಾರಾಯ್ತಿ ಪರೀಕ್ಷೆ, ಪಂಚೆ ನಂದು, ನಾಳೆ ಉಟ್ಕೊಂಡು ಆಫೀಸಿಗೆ ಹೋಗ್ಬೇಕು, ಎಂದು ನನ್ನ ಗಂಡ ಬಾಗಿಲಿಗೆ ಒರಗಿ ಹೇಳುತ್ತಾರೆ, ನಗುತ್ತಲೇ ಹೇಳುತ್ತಾರೆ, ಆದರೆ ಕಣ್ಣಲ್ಲಿ ನಗುವಿಲ್ಲ, ಬೆಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಇವಳು ಹೂಂ ಅಂತಾಳೋ ಊಹೂಂ ಅಂತಾಳೋ ಎಂದು. ಊಹೂಂ, ಇದು ಬೇಡ ಎಂದೆ. ಪಂಚೆ ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಇನ್ನು ಉಳಿದಿರುವುದು ಒಂದೇ ಮನೆ, ಹೊಳೆಯಾಚೆ, ಅದೂ ಆಗದಿದ್ದರೆ ಸಂಜೆಯ ರೈಲಿಗೆ ನಾನು ಶಿವಮೊಗ್ಗಕ್ಕೆ, ಇವರು ತಮ್ಮ ಬಾಡಿಗೆ ಕೋಣೆಗೆ, ಅದೇ ಹೋಟೆಲಿನ ಊಟಕ್ಕೆ, ಮತ್ತೆ ಭಾನುವಾರ, ಮತ್ತೆ ಭಾನುವಾರ. ಇವರಿಗೆ ಈ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಎಂಟು ತಿಂಗಳಾಯಿತು, ಆಗ ಮಾಘ ಹತ್ತಿರವಿತ್ತು, ಹಪ್ಪಳದ ಕಾಲ ಮುಗಿಸಿಕೊಂಡು ಬರ್ತೀನಿ ಎಂದಿದ್ದೆ, ಹಪ್ಪಳ ಬಿಟ್ಟುಬಿಡು, ನನ್ನ ಸಂಬಳ ಸಾಲದಾ ಎಂದಿದ್ದರು, ಸಂಬಳದ ಮಾತೇ ಅಲ್ಲ ಅದು, ಹೇಗೆ ಹೇಳಲಿ, ಉದ್ದಿನ ಹಿಟ್ಟು ಒರಳಲ್ಲಿ ಕುಟ್ಟಿ ಕುಟ್ಟಿ ಹದಕ್ಕೆ ಬಂದಾಗ ಕೈಗೆ ತಿಳಿಯುತ್ತದೆ, ಅತ್ತೆ ನನ್ನ ಮಣಿಕಟ್ಟು ಹಿಡಿದು ಕಲಿಸಿದ್ದು, ಸವಳಂಗ ರಸ್ತೆಯ ಅಂಗಡಿಯಲ್ಲಿ ಜನ ಜಗದಾಂಬಾನ ಹಪ್ಪಳ ಬಂತಾ ಎಂದು ಕೇಳುತ್ತಾರೆ, ನನ್ನ ಹೆಸರು ಹಿಡಿದು ಕೇಳುತ್ತಾರೆ, ಆ ಹೆಸರನ್ನು ಬಿಟ್ಟು ಬರಲು ನನಗೆ ಮನಸ್ಸಿಲ್ಲ. ಹಾಗಾದ್ರೆ ಇಲ್ಲೇ ಇರ್ತೀನಿ ಎಂದುಬಿಟ್ಟೆ ಸಿಟ್ಟಿನಲ್ಲಿ, ಇವರು ಸುಮ್ಮನೆ ಟ್ರಂಕಿಗೆ ಬೀಗ ಹಾಕಿದರು, ಆ ಬೀಗದ ಸದ್ದು ಇನ್ನೂ ಕಿವಿಯಲ್ಲಿದೆ. ನಾನೀಗ ಇರುವ ಅಣ್ಣನ ಮನೆಯಲ್ಲಿ ಏನೂ ಕಡಿಮೆಯಿಲ್ಲ, ಆದರೆ ದಾಕ್ಷಾಯಣಿ ಅತ್ತಿಗೆಯ ನಾಲಿಗೆ, ಭದ್ರಾವತಿಗೆ ಹೋಗಿ ಕರೀ ಹಪ್ಪಳ ಮಾಡ್ತೀಯೇನೇ, ಕಬ್ಬಿಣದ ಹಪ್ಪಳ, ಎಂದು ನಿನ್ನೆಯೂ ಚುಚ್ಚಿದಳು, ನಾನೂ ನಕ್ಕೆ, ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ, ಇವರಿಲ್ಲದೆ ನನಗೆ ಬೇಜಾರು, ಅಷ್ಟೇ.

ಹೊಳೆಯಾಚೆಯ ಮನೆ ಸಣ್ಣದು, ಹೆಂಚು ಹಳೆಯದು, ಚಿಮಣಿ ಈಗ ಮೂಡಲಿಗಿದೆ, ಮಳೆ ಹೊಳವಾಗಿದೆ, ಪಂಚೆಯನ್ನು ಮತ್ತೆ ತೊಳೆದು ಹಿತ್ತಲಲ್ಲಿ ಹರವಿ ಕುಕ್ಕರಗಾಲಲ್ಲಿ ಕೂತೆ, ಬೀಳುತ್ತದೆ, ಈಗ ಬೀಳುತ್ತದೆ, ಇಲ್ಲ, ಗಳಿಗೆ ಕಳೆಯಿತು, ಎರಡು ಗಳಿಗೆ, ಮಲ್ಲಿಗೆ ಹೂವಿನಂತೆ ಪಂಚೆ, ಒಂದು ಚುಕ್ಕೆ ಇಲ್ಲ, ಎದ್ದು ಇವರತ್ತ ತಿರುಗಿದರೆ ಇವರಾಗಲೇ ಮನೆ ಮಾಲೀಕರ ಜೊತೆ ಮುಂಗಡದ ಮಾತಿಗೆ ಹೊರಟಿದ್ದಾರೆ, ನನ್ನ ಮನಸ್ಸಾಗಲೇ ಒಳಗೆ, ಒಲೆ ಇಲ್ಲಿ, ಒರಳು ಅಲ್ಲಿ, ಇವರು ಸ್ನಾನ ಮಾಡಿ ಲಿಂಗಪೂಜೆಗೆ ಕೂರುವ ಮೂಲೆ ಅದೋ. ಯಾಕವ್ವಾ ಪಂಚೆ ಕಾಯ್ತಿದೀರಿ, ಯಾರೂ ಕದಿಯಲ್ಲ ಇಲ್ಲಿ, ಎಂದು ಬೇಲಿಯಾಚೆಯಿಂದ ಒಬ್ಬ ಹೆಂಗಸು, ಪಕ್ಕದ ಮನೆಯವಳು, ಹೆಸರು ಸರ್ವರ್ ಬೀ ಅಂತೆ, ಹಪ್ಪಳದ ವಿಷಯ ಹೇಳಿದೆ, ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಹಪ್ಪಳ ಶ್ರಾವಣದಾಗೆ ಹಾಕ್ತೀರಾ ನೀವು? ಇಲ್ಲ, ಮಾಘ ಫಾಲ್ಗುಣ. ಮತ್ತೆ ಶ್ರಾವಣದಾಗೆ ಯಾಕೆ ನೋಡ್ತೀರಿ, ಈಗ ಪಡುವಲ ಗಾಳಿ, ಹೊಗೆಯೆಲ್ಲ ಆ ಕಡೆ ಹೋಗ್ತದೆ, ಚಳಿಗೆ ಮೂಡಲ ಗಾಳಿ ಎದ್ದಮೇಲೆ ಬಂದು ನೋಡಿ, ಹೋದ ರಂಜಾನಿಗೆ ಶ್ಯಾವಿಗೆ ಹೊಸೆದು ಇದೇ ಬೇಲಿ ಮೇಲೆ ಹಾಕಿದ್ದೆ, ಕರ್ರಗಾಗಿ ನಮ್ಮ ಯಜಮಾನ್ರು ಇದೇನು ಕೂದಲು ಬೇಯಿಸಿದೀಯಾ ಅಂದ್ರು.

ಹೌದಲ್ಲ, ಹೌದಲ್ಲ, ಹದಿನೈದು ವರ್ಷ ಹಪ್ಪಳ ಮಾಡಿದವಳು ನಾನು, ಮಳೆಗಾಲದ ಗಾಳಿಯಲ್ಲಿ ಹಪ್ಪಳದ ಮನೆ ಹುಡುಕುತ್ತಿದ್ದೇನೆ, ಶಿವಮೊಗ್ಗದಲ್ಲಿ ಗಾಳಿ ಎತ್ತಲಿಂದ ಬಂದರೂ ಬರೀ ಗಾಳಿಯೇ, ಯಾರು ಗಮನಿಸುತ್ತಾರೆ, ಅಳು ಬಂತು, ಇದೂ ಹೋಯಿತು, ಸಂಜೆಯ ರೈಲು, ಭಾನುವಾರ, ಭಾನುವಾರ — ತಡಿ, ಗಾಳಿ ತಿರುಗಿದರೆ ಎಲ್ಲಕ್ಕೂ ತಿರುಗಬೇಕಲ್ಲ, ಈಗ ಮಸಿ ಬೀಳುವಲ್ಲಿ ಆಗ ಬೀಳುವುದಿಲ್ಲ, ಸರ್ವರ್ ಬೀಯನ್ನು ಕೇಳಿದೆ, ಹೂಂ ಅಲ್ಲಿ ಆಗ ಕನ್ನಡಿ ಹಂಗಿರ್ತದೆ ಎಂದಳು, ಇವರ ತೋಳು ಹಿಡಿದೇ ಎಳೆದೆ, ಬೀದಿಯಲ್ಲಿ ಗಂಡನ ತೋಳು ಹಿಡಿದವಳು ನಾನು, ಜನ ನೋಡಿದರೆ ನೋಡಲಿ. ಮೊದಲ ಮನೆಗೇ ನಡೀರಿ. ಆ ಮಸಿ ಮನೆಗಾ, ತಲೆ ಕೆಟ್ಟಿದೆಯಾ ನಿನಗೆ. ನಡೀರಿ, ದಾರಿಯಲ್ಲಿ ಹೇಳ್ತೀನಿ. ಹೇಳಿದೆ, ಸೇತುವೆಯ ಮೇಲೆ ನಡೆಯುತ್ತ ಎಲ್ಲ ಹೇಳಿದೆ, ಗಾಳಿ, ಹಿಟ್ಟು, ಅಂಗಡಿಯಲ್ಲಿ ಕೇಳುವ ನನ್ನ ಹೆಸರು, ಬೀಗದ ಸದ್ದು, ಬಚ್ಚಲಲ್ಲಿ ಅತ್ತದ್ದು ಕೂಡ, ಇವರು ಹೊಳೆಯತ್ತ ಮುಖ ಮಾಡಿ ನಡೆಯುತ್ತಲೇ ಇದ್ದರು, ಬಾಯಿಗೆ ಮತ್ತೆ ಬೀಗ ಹಾಕಿದರೋ ಏನೋ ಎಂದು ನನಗೆ ಭಯ.

ಈಗ ಅದೇ ಹಿತ್ತಲು, ಮಸಿ ಬೀಳುತ್ತಲೇ ಇದೆ, ಬೀಳಲಿ, ಬೆಳಿಗ್ಗೆ ಬರೀ ಪಂಚೆ ನೋಡಿದ್ದೆ, ನೆಲ ನೋಡಿರಲಿಲ್ಲ, ಕಲ್ಲುಹಾಸಿನ ಮೇಲೆ ತೆಂಗಿನಕಾಯಿ ಗಾತ್ರದ ಹೊಳೆಗಲ್ಲುಗಳು, ಒಂದು ಈ ಮೂಲೆ, ಒಂದು ಆ ಮೂಲೆ, ಇನ್ನೊಂದು ಬಾವಿಯ ಕಡೆ, ಒಣಹಾಕುವ ಚಾಪೆ ಹಾರದಂತೆ ಅಂಚಿಗೆ ಹೇರುವ ಕಲ್ಲುಗಳು, ನನಗಿಂತ ಮುಂಚೆ ಇಲ್ಲಿ ಯಾರೋ ಒಣಗಿಸಿದ್ದಾರೆ, ಒಣಗಿಸಿದ್ದಾರೆ, ನಾಲ್ಕನೆಯದೆಲ್ಲಿ, ಬೇಲಿಯ ಬುಡಕ್ಕೆ ಉರುಳಿದೆ. ನಾನು ಬಗ್ಗುವ ಮೊದಲೇ ಇವರು ಬಗ್ಗಿದರು, ಕೆಸರಾದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದರು, ಖಾಲಿ ಮೂಲೆಯ ಹತ್ತಿರ ಮಂಡಿಯೂರಿ ಕೂತರು, ನಿನ್ನ ಚಾಪೆ ಎಷ್ಟುದ್ದ ಇದೆ, ಎಂದು ಕೇಳಿದರು, ಕಲ್ಲು ಕೈಯಲ್ಲೇ ಇದೆ, ಕೆಳಗಿಟ್ಟಿಲ್ಲ, ನಾನು ಹೇಳುವವರೆಗೆ ಇಡುವುದಿಲ್ಲ, ಕೆಸರು ಕೈ, ಕಲ್ಲು, ಮಂಡಿಯೂರಿ ಕೂತು ನನ್ನತ್ತ ಎತ್ತಿದ ಮುಖ, ನನಗೆ ಉದ್ದ ಮರೆತುಹೋಗಿದೆ, ಕೆಸರು ಕೈ, ಕಲ್ಲು.