ಕಡಲ ಬೆನ್ನ ಮೇಲಿನ ಸಿಹಿನೀರು

ಕೆಸುವಿನ ಎಲೆಗಳ ಅಂಚು ಬೆಂಕಿ ತಾಗಿದ ಹಾಗೆ ಕಂದಿತ್ತು. ಅರೊಮೈತಿ ಗುಂಡಿಗಿಳಿದು, ಮೊಣಕಾಲುದ್ದದ ಕೆಸರಲ್ಲಿ ನಿಂತು, ಒಂದೊಂದೇ ಎಲೆ ಮುಟ್ಟಿದಳು. ಹವಳದ್ವೀಪದ ನೆಲ ಅಗೆದು ಮಾಡಿದ ಈ ಗುಂಡಿ ಅವಳ ತಾಯಿಯದು. ನಡುವಿನ ಆಳೆತ್ತರದ ಗಿಡಕ್ಕೆ ಹನ್ನೊಂದು ವರ್ಷ. ಇನ್ನು ನಾಲ್ಕು ತಿಂಗಳಿಗೆ ಮಗಳ ಮದುವೆ. ಅಂದು ಅದರ ಗೆಡ್ಡೆಯನ್ನು ಊರ ಚಾವಡಿಯಲ್ಲಿ ಹಿರಿಯರ ಮುಂದಿಡಬೇಕು. ಅದರ ಬದಲು ಅಂಗಡಿಯ ಅಕ್ಕಿ ಇಟ್ಟರೆ ಎದುರಿಗೆ ಯಾರೂ ಏನೂ ಅನ್ನುವುದಿಲ್ಲ, ಒಳಗೇ ಹಗುರ ಮಾಡುತ್ತಾರೆ. ಅವಳಿಗೆ ಹೆದರಿಕೆ ಅದೇ.

ಏಳು ತಿಂಗಳಿಂದ ಮಳೆಯಿಲ್ಲ. ಪಕ್ಕದ ಬಾವಿಯಲ್ಲಿ ನೀರು ತಗ್ಗಿದಾಗೆಲ್ಲ ಅವಳು ಸೋಲಾರ್ ಪಂಪಿನ ಪೈಪನ್ನು ಇನ್ನೊಂದು ಮೊಳ ಇಳಿಸಿ ಗುಂಡಿಗೆ ನೀರು ಹಾಯಿಸಿದ್ದಳು. ಯಾರನ್ನೂ ಕೇಳಿರಲಿಲ್ಲ. ಗುಂಡಿಗೆ ಯಾವ ಸೊಪ್ಪು, ಎಷ್ಟು ಗೊಬ್ಬರ ಎನ್ನುವುದೆಲ್ಲ ಒಂದೊಂದು ಮನೆಯ ಗುಟ್ಟು. ಗಿಡ ಬಾಡಿದೆ ಎಂದು ಬಾಯಿಬಿಟ್ಟರೆ ತಾಯಿ ಏನೂ ಕಲಿಸಲಿಲ್ಲವೆಂದು ಸಾರಿದ ಹಾಗೆ.

“ಏನಮ್ಮಾ, ಸಮುದ್ರಾನೇ ಖಾಲಿ ಮಾಡ್ತೀಯಾ?”

ನೀರಾ ಇಳಿಸಲು ತೆಂಗಿನಮರ ಹತ್ತಿದ್ದ ಮಾವ ಬಿರಿಬೊ ಮೇಲಿನಿಂದ ಕೂಗಿದ.

“ಹಾಡ್ಕೊಂಡು ಮಡಕೆ ಕಟ್ಟೋದು ಬಿಟ್ಟು ಸೊಸೆ ಗುಂಡಿ ಇಣುಕ್ತೀರಾ, ಮಾವ?”

“ಎರಡೂ ಒಟ್ಟಿಗೇ ಆಗುತ್ತೆ. ನಿಮ್ಮಮ್ಮನ ಗುಟ್ಟು ನಂಗ್ಯಾಕೆ? ಬಾವಿ ಹತ್ರ ಬಾ.”

ಮರದಿಂದ ಇಳಿದು ಬಂದ ಮುದುಕ ಖಾಲಿ ಬಾಟಲಿಗೆ ಹಗ್ಗ, ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿದ. ಮೊದಲು ಬಾವಿಯ ಮೇಲ್ಮೈಯ ನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಟ್ಟ. ಸಿಹಿ. ಆಮೇಲೆ ಬಾಟಲಿಯನ್ನು ಪೈಪಿನ ಬಾಯಿಯವರೆಗೆ ಇಳಿಸಿ ಬಿರಡೆ ಎಳೆದ. ಮೇಲೆ ಬಂದದ್ದನ್ನು ಕುಡಿದವಳೇ ಉಗಿದಳು.

“ಥೂ! ಉಪ್ಪು!”

“ಮೇಲಿಂದು ಮಳೆ, ಕೆಳಗಿಂದು ಕಡಲು. ಉಪ್ಪಿನ ಮೇಲೆ ಸಿಹಿ ತೇಲುತ್ತೆ. ಬೇರೆ ದೇಶದೋರು ನೀರಿಲ್ಲ ಅಂದ್ರೆ ಇನ್ನೂ ಆಳಕ್ಕೆ ತೋಡ್ತಾರಂತೆ. ನಾವು ತೋಡಿದ್ರೆ ಮೀನು ಸಿಗುತ್ತೆ.” ಅವನು ನಗಲಿಲ್ಲ. “ಕೂತ್ಕೋ. ಉಬ್ಬರದ ಹೊತ್ತು.”

ಬಾವಿಯ ನೀರು ಏರಿಳಿಯುವುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಕೂತು ನೋಡಿರಲಿಲ್ಲ. ದೂರದ ಹವಳದ ದಿಬ್ಬದಲ್ಲಿ ಅಲೆಗಳು ಗುಡುಗುತ್ತಿದ್ದವು. ಎಷ್ಟೋ ಹೊತ್ತಾದ ಮೇಲೆ ಬಾವಿಯ ಗೋಡೆಯ ಒಂದು ಒಣಕಲ್ಲು ಸದ್ದಿಲ್ಲದೆ ಒದ್ದೆಯಾಯಿತು. ಆಮೇಲೆ ಅದರ ಮೇಲಿನದು. ಯಾರೂ ಸುರಿಯಲಿಲ್ಲ, ಮೋಡದ ಒಂದು ಚೂರೂ ಇರಲಿಲ್ಲ. ಕಡಲು ಉಸಿರೆಳೆದುಕೊಂಡಿತ್ತು, ಅಜ್ಜಿಯರ ಕಾಲದ ಮಳೆಯೆಲ್ಲ ಅದರ ಬೆನ್ನೇರಿ ಮೇಲೆ ಬರುತ್ತಿತ್ತು. ಮನೆಗಳು, ಹಂದಿಗಳು, ಚರ್ಚು, ಮರಳಲ್ಲಿ ಮಲಗಿದ ಸತ್ತವರು, ಮುನ್ನೂರು ಜನರ ಬಾಯಾರಿಕೆ, ಎಲ್ಲ ಸಿಹಿನೀರಿನ ಈ ತೆಳುಪೊರೆಯ ಮೇಲೆ ಇದ್ದವು. ಅವಳಿಗೆ ಮಿಸುಕಾಡಲೂ ಭಯವಾಯಿತು, ತೊಟ್ಟಿಲಲ್ಲಿ ಕೂಸು ಮಲಗಿದೆಯೇನೋ ಎನ್ನುವ ಹಾಗೆ.

“ಸಿಹಿ ಎಷ್ಟು ದಪ್ಪ ಇದೆ, ಮಾವ?” ಪಿಸುಗುಟ್ಟಿದಳು.

“ಮುಂಚೆ ನಾನು ಮುಳುಗೋಷ್ಟು. ಈಗ ನಿನ್ ಬಾವೀಲಿ ಮೊಣಕೈಯುದ್ದ.”

“ಮತ್ತೆ ಕೂಡುತ್ತಾ?”

“ಮಳೆ ಬಂದು, ನಾವು ಕಲಕದೇ ಇದ್ರೆ.”

“ಮದುವೆ ಹೊತ್ತಿಗೆ?”

ಬಿರಿಬೊ ಬಾಟಲಿಯ ಉಪ್ಪುನೀರನ್ನು ಮರಳಿಗೆ ಚೆಲ್ಲಿದ. “ಆಗಲ್ಲ.”

ಅವಳು ಪೈಪನ್ನು ಮೇಲೆಳೆದು ಸುರುಳಿ ಸುತ್ತಿದಳು. ಭಾನುವಾರ ಚಾವಡಿಯಲ್ಲಿ ಊರೆಲ್ಲ ಕೂತಿದ್ದಾಗ, ತನ್ನ ಮನೆತನದ ಚಾಪೆಯಿಂದ ಎದ್ದು ನಿಂತಳು.

“ನನ್ ಗುಂಡಿಗೆ ಉಪ್ಪು ಹತ್ತಿದೆ. ಹತ್ತಿಸಿದ್ದು ನಾನೇ, ಪೈಪ್ ಇಳಿಸೀ ಇಳಿಸೀ. ಮಗಳ ಮದುವೇಲಿ ಅಕ್ಕಿ ಇಡ್ತೀನಿ, ಬೈದ್ರೂ ಸರಿ. ನೀವು ಇಳಿಸ್ಬೇಡಿ.”

ಒಬ್ಬ ಮುದುಕಿ ಬೀಸಣಿಗೆ ನಿಲ್ಲಿಸಿ ಕೇಳಿದಳು:

“ಎಷ್ಟು ಇಳಿಸಿದ್ದೆ, ಮಗಾ?”

“ನಾಲ್ಕು ಮೊಳ.”

ಎದುರಿನ ಚಾಪೆಯಿಂದ ಒಬ್ಬ ಗಂಡಸು ತಲೆ ಎತ್ತದೆ ಹೇಳಿದ: “ನಮ್ದು ಆರು.”