ನಡುವಿನ ಹೆಸರು

ಗುಮಾಸ್ತ ವೈಜನಾಥ ಅರ್ಜಿಯನ್ನು ಮೂರನೆಯ ಸಲ ಕಿಂಡಿಯಿಂದ ಹೊರಕ್ಕೆ ತಳ್ಳಿದ. ತುಳಸಿ ಅದನ್ನು ಮೂರನೆಯ ಸಲ ಒಳಕ್ಕೆ ತಳ್ಳಿದಳು. ಔರಂಗಾಬಾದಿನ ಆ ಕಾಲೇಜಿನಲ್ಲಿ ರಷ್ಯನ್ ತೆಗೆದುಕೊಂಡು ಬಿ.ಎ. ಸೇರಲು ಅವತ್ತೇ ಕಡೆಯ ದಿನ. ೧೯೭೧ರ ಜುಲೈ, ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಐದಕ್ಕೆ ಕಿಂಡಿ ಮುಚ್ಚುತ್ತದೆ, ಮುಚ್ಚಿದರೆ ಮುಂದಿನ ವರ್ಷದ ತನಕ ತೆರೆಯುವುದಿಲ್ಲ. ತುಳಸಿಗೆ ಆಗಲೇ ಮೂವತ್ತೇಳು.

ತಕರಾರು ಇಷ್ಟೇ. ಇಂಟರ್ ಸರ್ಟಿಫಿಕೇಟಿನಲ್ಲಿ ಅವಳು ತುಳಸಿ ಮನ್ಮಥಪ್ಪ, ರೇಷನ್ ಕಾರ್ಡಿನಲ್ಲಿ ತುಳಸಿ ಉಮಾನಾಥ. ಆ ಸೀಮೆಯಲ್ಲಿ ಯಾರ ಹೆಸರೇ ಆಗಲಿ, ಅಡ್ಡಹೆಸರಿಗೆ ಮೊದಲು ನಡುವೆ ಒಂದು ಹೆಸರು ಇರಲೇಬೇಕು. ಹೆಣ್ಣಿಗಾದರೆ ಮದುವೆಯ ತನಕ ಅಪ್ಪನದು, ಆಮೇಲೆ ಗಂಡನದು. ವೈಜನಾಥ ಇದನ್ನು ಮೊದಲು ಮರಾಠಿಯಲ್ಲೇ ಹೇಳಿನೋಡಿದ. ಅವಳ ಎರಡನೆಯ ಮಾತಿಗೇ ಇವಳು ಕಲಬುರ್ಗಿ ಕಡೆಯವಳೆಂದು ಗೊತ್ತಾಯಿತು. ತಾನು ಬೀದರ ಜಿಲ್ಲೆಯವನೆಂದು ಹೇಳಿ ಕನ್ನಡಕ್ಕೆ ಇಳಿದ. ಕೆಲಸ ಕೆಟ್ಟಿದ್ದೇ ಅಲ್ಲಿ. ಅಲ್ಲಿಯತನಕ ಬರೀ ಗುಮಾಸ್ತನಾಗಿದ್ದವನು ಈಗ ಬಂಧುವಾಗಿ ಬುದ್ಧಿ ಹೇಳತೊಡಗಿದ.

"ಅಕ್ಕೋರೆ, ತಮ್ಮ ಅಂತ ತಿಳ್ಕೊಂಡು ಕೇಳ್ರಿ. ಅಫಿಡವಿಟ್ ತಯಾರದ. ಒಂದು ಸಹಿ ಹಾಕಿದ್ರ ಮುಗೀತು. ಯಜಮಾನ್ರು ಎದುರಿಗೇ ಕುಂತಾರ, ನೀವು ಅಪ್ಪನ ಹೆಸರು ಹಚ್ಕೊಂಡು ಅಡ್ಡಾಡಿದ್ರ ಮಂದಿ ಏನಂತಾರ?"

ಯಜಮಾನರು, ಅಂದರೆ ಉಮಾನಾಥ, ಬುತ್ತಿಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಹೆಂಡತಿ ಓದುವುದು ಬೇಡ ಎನ್ನುವವನಲ್ಲ. ಓದುತ್ತಾಳೆಂದು ಕಾಲನಿಗೆಲ್ಲ ಸಾರಿಕೊಂಡು ಬಂದವನೇ. ವಾರದಲ್ಲಿ ಐದು ದಿನ ಅವಳು ಔರಂಗಾಬಾದಿನಲ್ಲಿ ತನ್ನ ಅಕ್ಕನ ಮನೆಯಲ್ಲಿರಲಿ, ರೊಟ್ಟಿ ತಾನೇ ತಟ್ಟಿಕೊಳ್ಳುತ್ತೇನೆ ಎಂದಿದ್ದ. ಆದರೆ ಹೆಸರಿನ ಮಾತು ಬಂದಾಗ ಅವನಿಗೆ ಎಲ್ಲೋ ಚುಚ್ಚಿತು. ಅವಳನ್ನು ಕೇಳದೆ ನಾಸಿಕದ ಕೋರ್ಟಿಗೆ ಹೋಗಿ, ಇನ್ನು ಮೇಲೆ ಅವಳು ತುಳಸಿ ಉಮಾನಾಥ ಎಂಬ ಅಫಿಡವಿಟ್ಟನ್ನು ಛಾಪಾ ಕಾಗದದ ಮೇಲೆ ಟೈಪು ಮಾಡಿಸಿದ. ಬೆಳಿಗ್ಗೆ ಮನಮಾಡ ಸ್ಟೇಷನ್ನಿನಲ್ಲಿ ಔರಂಗಾಬಾದಿನ ಸಣ್ಣ ರೈಲಿಗೆ ಕಾಯುವಾಗ ಚಹಾದ ಜೊತೆ ಅದನ್ನೂ ಚಾಚಿದ. ಅವಳು ಚಹಾ ಕುಡಿದಳು, ಕಾಗದ ಮುಟ್ಟಲಿಲ್ಲ.

ಅವಳಿಗೆ ರಷ್ಯನ್ ಹತ್ತಿದ್ದು ಅಡುಗೆಮನೆಯಲ್ಲಿ. ಕಾರ್ಖಾನೆಗೆ ಬಂದ ರಷ್ಯದ ಎಂಜಿನಿಯರನ ಹೆಂಡತಿ ನೀನಾ ಪೆತ್ರೋವ್ನಾ ನಾಲ್ಕು ವರ್ಷ ಪಕ್ಕದ ಮನೆಯಲ್ಲಿದ್ದಳು. ಜೋಳದ ರೊಟ್ಟಿ ಕಲಿಯಲು ಬಂದವಳು ತನ್ನ ಭಾಷೆಯನ್ನು ತುಳಸಿಗೆ ಬಿಟ್ಟುಹೋದಳು. ಪೆತ್ರೋವ್ನಾ ಅಂದರೆ ಪೆತ್ರನ ಮಗಳು ಅಂತ ಅವಳೇ ಬಿಡಿಸಿ ಹೇಳಿದ್ದಳು. ಅಪ್ಪ ಯುದ್ಧದಲ್ಲಿ ಹೋದ, ಮದುವೆಯಾಗಿ ಅಡ್ಡಹೆಸರು ಬದಲಾಯಿತು, ಅಪ್ಪನದು ಮಾತ್ರ ಸಾಯುವ ತನಕ ನನ್ನದೇ, ಕಾರ್ಖಾನೆಯ ದೊಡ್ಡ ಸಾಹೇಬನೂ ಹಾಗೇ ಕರೆಯಬೇಕು ಎಂದಿದ್ದಳು. ಆ ದಿನ ತುಳಸಿಯ ರೊಟ್ಟಿ ಹೆಂಚಿನ ಮೇಲೆ ಕರಕಾಗಿತ್ತು.

ಅವಳ ಅಪ್ಪ ಮನ್ಮಥಪ್ಪ ಆಳಂದದಲ್ಲಿ ಕುಸುಬಿ ಎಣ್ಣೆ ಮಾರುತ್ತಿದ್ದವನು. ಅಕ್ಷರ ಬಾರದು. ಇಂಟರ್ ಫಲಿತಾಂಶದ ದಿನ ಕಲಬುರ್ಗಿಗೆ ಹೋಗಿ, ಪೇಪರಿನಲ್ಲಿ ಮಗಳ ನಂಬರು ಎಲ್ಲಿದೆಯೆಂದು ಯಾರನ್ನೋ ಕೇಳಿ, ಜಾಗ ತಪ್ಪಬಾರದೆಂದು ಅದರ ಮೇಲೆ ಬೆರಳೊತ್ತಿ ಹಿಡಿದೇ ಬಸ್ಸಿನಲ್ಲಿ ಊರಿಗೆ ಬಂದಿದ್ದ. ಮನೆಯಲ್ಲಿ ಬೆರಳು ತೆಗೆದಾಗ ತುದಿ ಕಪ್ಪಾಗಿತ್ತು. ಮರುವರ್ಷ ಅವಳ ಮದುವೆ. ಅದರ ಮರುವರ್ಷ ಅವನಿಲ್ಲ.

ತುಳಸಿ ಅರ್ಜಿಯ ಬೆನ್ನು ತಿರುಗಿಸಿ ಐದನೆಯ ನಿಯಮವನ್ನು ಗಟ್ಟಿಯಾಗಿ ಓದಿದಳು. ಹೆಸರನ್ನು ಹಿಂದಿನ ಪರೀಕ್ಷೆಯ ಸರ್ಟಿಫಿಕೇಟಿನಲ್ಲಿ ಇದ್ದಂತೆಯೇ ಬರೆಯತಕ್ಕದ್ದು. ಅದು ಹುಡುಗರಿಗೆ ಎಂದ ವೈಜನಾಥ. ಹುಡುಗರಿಗೆ ಅಂತ ಎಲ್ಲಿ ಬರೆದಿದೆ ತೋರಿಸಿ ಎಂದಳು. ಅವನು ಹುಡುಕಿದ, ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದ. ಸಿಗಲಿಲ್ಲ. ಕಿಂಡಿಯಿಂದ ಕುತ್ತಿಗೆ ಚಾಚಿ, ನೀವಾದರೂ ಹೇಳಿ ಎಂದು ಗಂಡನಿಗೆ ದುಂಬಾಲು ಬಿದ್ದ.

ಉಮಾನಾಥ ಎದ್ದು ಬಂದ. "ತುಳಸಾ, ಹಟ ಸಾಕು. ನಾಳೆ ಕಾಲನಿಯಾಗ ಕೇಳ್ತಾರ, ಉಮಾನಾಥ ಸತ್ತಾನೇನು ಅಂತ."

"ದಿನಾ ಡ್ಯೂಟಿಗೆ ಹೋಗ್ತೀರಲ್ಲ, ನೋಡಿ ತಿಳ್ಕೋತಾರ."

ಹಿಂದೆ ಸಾಲಿನಲ್ಲಿದ್ದ ಹುಡುಗಿಯರಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು, ಕಿಸಕ್ಕೆಂದರು. ನಾಲ್ಕೂ ಮುಕ್ಕಾಲು. ತುಳಸಿ ಕಿಂಡಿಗೆ ಮುಖವಿಟ್ಟಳು.

"ತಮ್ಮಾ, ನಿಮ್ಮ ಮನ್ಯಾಗ ಹೆಂಡತಿ ನಿಮ್ಮ ಹೆಸರು ಹಿಡಿದು ಕರೀತಾಳೇನು?"

ವೈಜನಾಥ ನಾಲಿಗೆ ಕಚ್ಚಿಕೊಂಡ. "ಛೆ, ಹ್ಯಾಂಗ ಕರೀತಾಳ್ರಿ."

"ನಾನೂ ಕರೆದಿಲ್ಲ. ಹದಿನೆಂಟು ವರ್ಷ ಆತು. ಬಾಯಾಗ ತರಬಾರದ ಹೆಸರು ನನ್ನ ಹೆಸರಿನ್ಯಾಗ ಹ್ಯಾಂಗ ಇಟ್ಕೊಳ್ಳಿ? ಮಾಸ್ತರು ನಿನ್ನ ಹೆಸರೇನು ಅಂದ್ರ, ಹೇಳ್ಸಾಕ ದಿನಾ ಇವರನ್ನ ಓಝರಿನಿಂದ ಕರ್ಕೊಂಡ್ ಬರ್ಲೇನು?"

ಉಮಾನಾಥ ನಗು ತಡೆಯಲಾಗದೆ ಗೋಡೆ ಕಡೆ ಮುಖ ತಿರುಗಿಸಿದ.

"ಹೆಡ್‌ಕ್ಲಾರ್ಕ್ ಕೇಳಿದ್ರ ನಾ ಏನಂತ ಹೇಳ್ಲಿ?" ಎಂದ ವೈಜನಾಥ.

"ನನ್ನ ಕಡೆ ಕಳಸ್ರಿ. ಸೋಮವಾರಿಂದ ನಾ ಇಲ್ಲೇ ಇರ್ತೀನಿ."

ವೈಜನಾಥ ರಿಜಿಸ್ಟರ್ ಎಳೆದುಕೊಂಡ. ಸಿಟ್ಟಿಗೋ ಏನೋ, ಶಾಯಿಯ ದೌತಿಯಲ್ಲಿ ಟಾಕು ಪೂರಾ ಅದ್ದಿ, ದಪ್ಪ ಅಕ್ಷರದಲ್ಲಿ ತುಳಸಿ ಮನ್ಮಥಪ್ಪ ಎಂದು ಬರೆದ. ಶಾಯಿ ಹನಿಗಟ್ಟಿ ನಿಂತಿತು. ಶಾಯಿ ಹೀರುವ ಅವನ ಒತ್ತುಕಾಗದ ಪ್ರವೇಶದ ಗಡಿಬಿಡಿಯಲ್ಲಿ ಎಂದೋ ತೊಯ್ದು ಕಪ್ಪಾಗಿ ಹೋಗಿತ್ತು. ತುಳಸಿ ತಿರುಗಿ ನೋಡದೆ ಗಂಡನ ಕಡೆ ಕೈ ಚಾಚಿದಳು. ಕಡೆಗೂ ಸಹಿ ಹಾಕುತ್ತಾಳೆಂದುಕೊಂಡು ಉಮಾನಾಥ ಛಾಪಾ ಕಾಗದ ಕೊಟ್ಟ. ಅವಳು ಅದನ್ನು ಹಸಿ ಸಾಲಿನ ಮೇಲೆ ಬೋರಲಾಗಿ ಇಟ್ಟು, ಬೆರಳೊತ್ತಿ ಹಿಡಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಹಿಡಿದಳು. ಆಮೇಲೆ ಎತ್ತಿ ಅವನ ಕೈಗೆ ವಾಪಸು ಕೊಟ್ಟು, ರಸೀದಿಗಾಗಿ ಕಿಂಡಿಯ ಮುಂದೆ ನಿಂತಳು.

ಉಮಾನಾಥ ಬೆಂಚಿಗೆ ಬಂದು ಕೂತ. ಕೋರ್ಟಿನ ಟೈಪಿನ ಸಾಲುಗಳ ಮೇಲೆ ಮಾವನ ಹೆಸರು ತಿರುವುಮುರುವಾಗಿ ಮೂಡಿತ್ತು. ಮಡಚಿ ಜೇಬಿಗಿಡಲು ಹೋದವನು ತಡೆದ. ಶಾಯಿ ಇನ್ನೂ ಹಸಿಯಿತ್ತು. ಬುತ್ತಿಚೀಲ ಪಕ್ಕಕ್ಕಿಟ್ಟು, ಕಾಗದವನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದುಕೊಂಡು, ಒಣಗುವ ತನಕ ಕೂತ.