ನಾಲ್ಕನೇ ಪಿನ್ನು

ಬಾಗಿಲು ತೆರೆದಾಗಲೆಲ್ಲ ಆ ಹಾಳೆಯ ಮೂಲೆ ಏಳುತ್ತದೆ, ಮತ್ತೆ ಫಲಕಕ್ಕೆ ಬಡಿಯುತ್ತದೆ, ಮೂರೇ ಪಿನ್ನು, ಕೆಳಗಿನ ಬಲಮೂಲೆ ಬಿಟ್ಟುಕೊಂಡಿದೆ — ನೋಡಬೇಡ ಮರಿವಿಕ್, ಊಟ ಮಾಡು, ಡಬ್ಬಿಯಲ್ಲಿ ಕೋಳಿಯ ಅಡೋಬೊ ಆರುತ್ತಿದೆ, ವಿನೆಗರ್ ವಾಸನೆಗೆ ಇಡೀ ಕ್ಯಾಂಟೀನು ತಿರುಗಿ ನೋಡುತ್ತದೆಂದು ಮೊದಲೆಲ್ಲ ನಾಚಿಕೆ, ಈಗ ಇಲ್ಲ, ಟೊಲೀಡೊದ ಈ ಗಾಜಿನ ಕಾರ್ಖಾನೆಯಲ್ಲಿ ಇದು ಐದನೇ ವರ್ಷ, ಕುಲುಮೆಯಿಂದ ಬಂದ ಗಾಜನ್ನು ಬಿರುಕು ಬಿಡದಂತೆ ಮೆಲ್ಲಗೆ ತಣಿಸುವುದು ನನ್ನ ಕೆಲಸ, ನನ್ನದು, ಆದರೆ ಆ ಹಾಳೆಯಲ್ಲಿ ಅದು ಯಾರದೂ ಅಲ್ಲ, ಹುದ್ದೆ, ಅರ್ಹತೆ, ಸಂಬಳ, ಹೆಸರಿಲ್ಲ. ನಾನು ಕೂತಿರುವ ಕುರ್ಚಿಗೇ ಜನ ಬೇಕು ಎಂದು ಕಂಪನಿ ಭಾನುವಾರದ ಪತ್ರಿಕೆಯಲ್ಲೂ ಜಾಹೀರಾತು ಕೊಟ್ಟಿದೆ, ಗ್ರೀನ್ ಕಾರ್ಡಿಗೆ ಅದೇ ಮೊದಲ ಮೆಟ್ಟಿಲು, ಅರ್ಹ ಅಮೆರಿಕನ್ನರು ಒಬ್ಬರೂ ಸಿಗಲಿಲ್ಲ ಎಂದು ತೋರಿಸಬೇಕು, ಸಿಕ್ಕರೆ ನನ್ನ ಅರ್ಜಿ ಅಲ್ಲಿಗೇ ನಿಂತಿತು, ಕಂಪನಿಯ ವಕೀಲೆ ಫೋನಿನಲ್ಲಿ, ನೋಡಮ್ಮ, ಬರೋರ ವಿಷಯಕ್ಕೆ ನೀನು ತಲೆ ಹಾಕ್ಬೇಡ, ಯಾರನ್ನೂ ಬರಬೇಡಿ ಅನ್ಬೇಡ, ಒಂದು ಮಾತಾಡಿದ್ರೂ ಎಲ್ಲಾ ಕೆಡುತ್ತೆ — ಈ ಸಲ ತಪ್ಪಿದರೆ ಇನ್ನೊಂದು ಸಲಕ್ಕೆ ವೀಸಾದಲ್ಲಿ ಕಾಲ ಉಳಿದಿಲ್ಲ, ಮೂವರೂ ದೇಶ ಬಿಡಬೇಕು, ಗಂಡ ನೆಸ್ಟರ್, ನಾನು, ನಮ್ಮೂರು ಇಲಿಗನ್ ಎಂದರೆ ಫೋನಿನಲ್ಲಿ ಕಾಣುವ ಅಜ್ಜಿ ಎಂದಷ್ಟೇ ಬಲ್ಲ ಮಗಳು — ಬಾಗಿಲು, ಮೂಲೆ ಎದ್ದಿತು, ವೆಂಡೆಲ್ ಬಂದ, ಕುಲುಮೆಯ ಮೇಸ್ತ್ರಿ, ನಮ್ಮ ಮೊದಲ ಚಳಿಗಾಲದಲ್ಲಿ ಯಾರೂ ಕೇಳದಿದ್ದರೂ ಮನೆ ಮುಂದಿನ ಹಿಮ ತೆಗೆದುಕೊಟ್ಟವನು, ಏನ್ ಮರಿವಿಕ್, ಇವತ್ತೂ ಕೋಳೀನಾ, ನಮ್ಮೂರ ಕೋಳಿಗಳೆಲ್ಲ ನಿನ್ನ ಕಂಡ್ರೆ ಓಡ್ತಾವೆ ಕಣಮ್ಮ, ನಗುತ್ತೇನೆ, ಎದುರಿಗೇ ಕೂರುತ್ತಾನೆ, ಒಂದು ಖುಷಿ ಸುದ್ದಿ, ನಿನಗೆ ಜೊತೆ ಸಿಗೋ ಹಾಗಿದೆ, ನಿಮ್ಮ ವಿಭಾಗಕ್ಕೆ ಇನ್ನೊಬ್ಬರನ್ನ ತಗೋತಿದಾರಲ್ಲ, ಅಲ್ಲಿ ಹಾಕಿದಾರೆ ನೋಡು, ಯಾವ ಇನ್ನೊಬ್ಬರು — ಸಂಬಳದ ಸಾಲಿನವರೆಗೆ ಓದಿದ್ದಾನೆ, ಇದು ಒಬ್ಬರ ಗ್ರೀನ್ ಕಾರ್ಡ್ ಅರ್ಜಿಗಾಗಿ ಎಂಬ ಕೆಳಗಿನ ಸಾಲನ್ನು ಯಾರೂ ಓದುವುದಿಲ್ಲ — ನನ್ನ ತಂಗಿ ಮಗಳು ಕೆಂಡ್ರಾ, ಪಿಟ್ಸ್‌ಬರ್ಗಲ್ಲಿ ಎಂಟು ವರ್ಷದಿಂದ ಇದೇ ಕೆಲಸ, ಊರಿಗೆ ವಾಪಸ್ ಬರ್ತಾಳಂತೆ, ನಿನ್ನೆ ಅರ್ಜಿ ಹಾಕಿಸ್ಬಿಟ್ಟೆ, ನಿನ್ನ ಹೆಸರೂ ಹೇಳಿದೀನಿ, ಬಂಗಾರದಂಥವಳು, ಎಲ್ಲಾ ಹೇಳಿಕೊಡ್ತಾಳೆ ಅಂತ, ಯಾಕೆ, ಖುಷಿ ಆಗ್ಲಿಲ್ವಾ. ಆಯ್ತು ವೆಂಡೆಲ್, ತುಂಬಾ ಖುಷಿ. ನಾಲಿಗೆಯ ತುದಿಯಲ್ಲಿ ಬೇರೆಯದೇ ಇದೆ, ಅದು ನನ್ನ ಕುರ್ಚಿ, ಅವಳನ್ನ ತಡಿ, ಹೇಳಿದರೆ ಇವನು ಈಗಲೇ ತಡೆಯುತ್ತಾನೆ, ಹಿಮ ತೆಗೆದಷ್ಟೇ ಸಲೀಸಾಗಿ, ಆಮೇಲೆ ಒಂದು ದಿನ ಯಾರೋ ಅಧಿಕಾರಿ ಅವನನ್ನು ಕೇಳುತ್ತಾರೆ, ಅವಳು ಯಾಕೆ ಹಿಂದೆ ಸರಿದಳು ಎಂದು, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವಸರದಲ್ಲಿ ತಣಿದ ಗಾಜು ಹೊರಗೆ ಹೊಳೆಯುತ್ತಲೇ ಇರುತ್ತದೆ, ಬಿಗಿತ ಒಳಗೆ, ಯಾರೂ ಮುಟ್ಟದೆ ಯಾರದೋ ಮೇಜಿನ ಮೇಲೆ ಸೀಳುತ್ತದೆ — ಮಾತಾಡು, ಬೇಡ, ವೆಂಡೆಲ್ ಎದ್ದ, ಬಾಗಿಲ ಬಳಿ ನಿಂತ, ಮೂಲೆ ಎದ್ದು ಬಡಿಯಿತು, ಅಯ್ಯೋ, ಇದು ಬಿದ್ದೋಗುತ್ತೆ, ನಾಲ್ಕು ಜನ ಓದೋದು ಬೇಡ್ವಾ, ಫಲಕದ ಅಂಚಿನಿಂದ ಕೆಂಪು ಪಿನ್ನೊಂದನ್ನು ಕೀಳುತ್ತಾನೆ, ಹೆಬ್ಬೆರಳು, ಸುಟ್ಟ ಕಲೆಗಳ ದಪ್ಪ ಹೆಬ್ಬೆರಳು, ಬಲಮೂಲೆಯ ಮೇಲೆ, ಒತ್ತುತ್ತದೆ, ಪಿನ್ನು ಒಳಗಿಳಿಯುತ್ತದೆ, ಮೂಲೆ ಇನ್ನು ಏಳುವುದಿಲ್ಲ, ಹೆಬ್ಬೆರಳು ಒತ್ತುತ್ತದೆ, ಇನ್ನೂ ಒತ್ತುತ್ತಿದೆ, ಹೆಬ್ಬೆರಳು